ಬಿ. ಸರೋಜಾದೇವಿ ಅವರ ಚಿತ್ರಗಳನ್ನು ನೋಡಲು ಶುರು ಮಾಡುವುದು ಹೇಗೆ? 1961ರಿಂದ ಹಿಡಿಯಿರಿ

ಬಿ. ಸರೋಜಾದೇವಿ ತೀರಿಕೊಂಡಿದ್ದು 2025ರ ಜುಲೈ 14ಕ್ಕೆ, ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ. ಆಗ 87 ವರ್ಷ. ಅವತ್ತಿನಿಂದ ಕಿರಿಯರು ತುಂಬಾ ಸಲ ಕೇಳಿದ ಪ್ರಶ್ನೆ ಒಂದೇ: ಅವರ ಸಿನಿಮಾ ನೋಡಬೇಕು, ಎಲ್ಲಿಂದ ಶುರು ಮಾಡಲಿ? ಕೇಳುವುದರಲ್ಲಿ ಅರ್ಥ ಇದೆ. ಸುಮಾರು 200 ಚಿತ್ರ, ನಾಲ್ಕು ಭಾಷೆ, 1955ರಿಂದ 2019ರವರೆಗೆ ಹರಡಿಕೊಂಡಿರುವ ಕೆಲಸ. ಪಟ್ಟಿ ನೋಡಿದರೇ ಸುಸ್ತಾಗುತ್ತದೆ. ಹಾಗಾಗಿ ಜನ ಎರಡು ಹಾಡು, ನಾಲ್ಕು ರೀಲ್ಸ್, ಒಂದು ಹಳೇ ಸಂದರ್ಶನದ ತುಣುಕು ನೋಡಿ ನಿಲ್ಲಿಸಿಬಿಡುತ್ತಾರೆ. ಕನ್ನಡದವರಿಗೆ ಕಿತ್ತೂರು ಚೆನ್ನಮ್ಮ ಮಾತ್ರ ಗೊತ್ತಿರುತ್ತದೆ, ತಮಿಳಿನವರಿಗೆ ಎಂ.ಜಿ.ಆರ್. ಜೋಡಿ ಮಾತ್ರ. ಇಬ್ಬರೂ ಅರ್ಧರ್ಧ ಸರೋಜಾದೇವಿಯನ್ನು ನೋಡಿರುತ್ತಾರೆ ಅಷ್ಟೆ.

ಪೂರ್ತಿ ಸರೋಜಾದೇವಿಯನ್ನು ನೋಡಬೇಕು ಅಂದರೆ ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದು ಎಲ್ಲಾ ಚಿತ್ರ ನೋಡಿ ಮುಗಿಸುವ ದಾರಿ ಅಲ್ಲ. ಹತ್ತು ಹನ್ನೆರಡು ಚಿತ್ರಗಳಲ್ಲಿ ಅವರ ಬದುಕು, ಅವರ ಕೆಲಸ ಎರಡೂ ಹಿಡಿಗೆ ಸಿಗುವ ದಾರಿ.

ಮೊದಲ ಮಾತು: ಹುಟ್ಟಿದ ದಿನದಿಂದ ಶುರು ಮಾಡಬೇಡಿ

ಎಲ್ಲರೂ ಮಾಡುವ ಕೆಲಸ ಇದು. 1938ರ ಜನವರಿ 7ರಂದು ಬೆಂಗಳೂರಿನಲ್ಲಿ ಹುಟ್ಟು, ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ, ಮೊದಲ ಚಿತ್ರ ‘ಮಹಾಕವಿ ಕಾಳಿದಾಸ’, ಆಮೇಲೆ ಪ್ರಶಸ್ತಿಗಳು. ಹೀಗೆ ಸಾಲಾಗಿ ಓದಿದರೆ ಏನೂ ಮನಸ್ಸಿಗೆ ಹತ್ತುವುದಿಲ್ಲ. ಸಿನಿಮಾ ನಟಿಯ ಬದುಕನ್ನು ಅವರು ಪೂರ್ತಿ ಫಾರ್ಮ್‌ನಲ್ಲಿ ಇದ್ದ ಜಾಗದಿಂದ ಹಿಡಿಯಬೇಕು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಬೇಕು. ಆಗ ಮೊದಲ ಚಿತ್ರ ಯಾಕೆ ಮುಖ್ಯ, ತಾಯಿ ಯಾಕೆ ಮುಖ್ಯ ಅನ್ನುವುದೆಲ್ಲ ತಾನಾಗಿಯೇ ಗೊತ್ತಾಗುತ್ತದೆ.

ಸರೋಜಾದೇವಿ ವಿಷಯದಲ್ಲಿ ಆ ಜಾಗ 1961.

ಆ ಒಂದು ವರ್ಷ ಬಿಡುಗಡೆಯಾದ ಅವರ ಚಿತ್ರಗಳಲ್ಲಿ ಕೆಲವನ್ನು ಮಾತ್ರ ಹೇಳುತ್ತೇನೆ, ನೋಡಿ. ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’. ತಮಿಳಿನಲ್ಲಿ ಶಿವಾಜಿ ಗಣೇಶನ್ ಜೊತೆ ‘ಪಾಲುಂ ಪಳಮುಂ’, ಎಂ.ಜಿ.ಆರ್. ಜೊತೆ ‘ತಿರುಡಾದೆ’ ಮತ್ತು ‘ತಾಯ್ ಸೊಲ್ಲೈ ತಟ್ಟಾದೆ’. ತೆಲುಗಿನಲ್ಲಿ ಎನ್.ಟಿ.ಆರ್. ಜೊತೆ ‘ಸೀತಾರಾಮ ಕಲ್ಯಾಣಂ’ ಮತ್ತು ‘ಜಗದೇಕವೀರುನಿ ಕಥ’. ಹಿಂದಿಯಲ್ಲಿ ‘ಸಸುರಾಲ್’, ‘ಒಪೆರಾ ಹೌಸ್’. ಇದೆಲ್ಲ ಒಂದೇ ವರ್ಷ. ಆಗ ಅವರಿಗೆ 23 ವರ್ಷ! ಇವತ್ತು ‘ಪ್ಯಾನ್ ಇಂಡಿಯಾ’ ಅಂತ ದೊಡ್ಡದಾಗಿ ಹೇಳಿಕೊಳ್ಳುವ ಕಾಲದಲ್ಲೂ ಒಂದೇ ವರ್ಷದಲ್ಲಿ ನಾಲ್ಕು ಭಾಷೆಯ ಅಗ್ರ ನಾಯಕರ ಎದುರು ಬೇರೆ ಬೇರೆ ಚಿತ್ರಗಳಲ್ಲಿ ನಾಯಕಿಯಾಗಿ ನಿಂತವರನ್ನು ತೋರಿಸಿ ನೋಡೋಣ.

ಹಾಗಾಗಿ ಮೊದಲ ತಿಂಗಳು ಬರೀ 1961. ನಾಲ್ಕು ಭಾಷೆ, ನಾಲ್ಕು ಚಿತ್ರ, ವಾರಕ್ಕೊಂದು.

ಮೊದಲ ವಾರ ಚೆನ್ನಮ್ಮ

ನಮ್ಮ ಭಾಷೆಯಿಂದಲೇ ಶುರು ಮಾಡಿ. ‘ಕಿತ್ತೂರು ಚೆನ್ನಮ್ಮ’ ನಿರ್ದೇಶಿಸಿದ್ದು ಬಿ.ಆರ್. ಪಂತುಲು, ಅವರದೇ ಪದ್ಮಿನಿ ಪಿಕ್ಚರ್ಸ್ ಚಿತ್ರ. ಸಂಗೀತ ಟಿ.ಜಿ. ಲಿಂಗಪ್ಪ. ಮಲ್ಲಸರ್ಜನಾಗಿ ರಾಜ್‌ಕುಮಾರ್, ಹಿರಿಯ ರಾಣಿ ರುದ್ರಮ್ಮನಾಗಿ ಎಂ.ವಿ. ರಾಜಮ್ಮ. ಆ ವರ್ಷ ಕನ್ನಡಕ್ಕೆ ಬಂದ ರಾಷ್ಟ್ರಪ್ರಶಸ್ತಿಯೂ ಇದಕ್ಕೇ.

ನೋಡುವ ಮುಂಚೆ ಇತಿಹಾಸ ಒಂದು ಸಲ ನೆನಪು ಮಾಡಿಕೊಳ್ಳಿ. ಮಲ್ಲಸರ್ಜ ತೀರಿಕೊಂಡ, ಮಗ ಶಿವಲಿಂಗರುದ್ರಸರ್ಜ 1824ರಲ್ಲಿ ತೀರಿಕೊಂಡ, ದತ್ತು ಮಗುವನ್ನು ಬ್ರಿಟಿಷರು ಒಪ್ಪಲಿಲ್ಲ. 1824ರ ಅಕ್ಟೋಬರ್‌ನಲ್ಲಿ ನಡೆದ ಯುದ್ಧದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕಿತ್ತೂರು ಬಿತ್ತು, ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು, 1829ರಲ್ಲಿ ಅಲ್ಲೇ ಕೊನೆಯುಸಿರು. ಇಷ್ಟು ಗೊತ್ತಿದ್ದರೆ ಸಾಕು.

ಇನ್ನು ನೋಡುವಾಗ ಗಮನಿಸಬೇಕಾದ್ದು. ಎಲ್ಲರಿಗೂ ನೆನಪಿರುವುದು ಕಪ್ಪ ಯಾಕೆ ಕೊಡಬೇಕು ಅಂತ ಬ್ರಿಟಿಷರನ್ನು ಪ್ರಶ್ನಿಸುವ ಅಬ್ಬರದ ಮಾತು. ಶಾಲೆಯ ವಾರ್ಷಿಕೋತ್ಸವದಲ್ಲಿ ಎಷ್ಟೋ ಹುಡುಗಿಯರು ಅದನ್ನು ಒಪ್ಪಿಸಿದ್ದಾರೆ. ಅದು ಚೆನ್ನಾಗಿದೆ, ನಿಜ. ಆದರೆ ನೀವು ಅದಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಅರಮನೆ ಒಳಗಿನ ದೃಶ್ಯಗಳಿಗೆ. ಕಿರಿಯ ರಾಣಿಯಾಗಿ ಬಂದವಳು ಹಿರಿಯ ರಾಣಿಯ ಎದುರು ಹೇಗೆ ನಿಲ್ಲುತ್ತಾಳೆ, ಯಾವಾಗ ತಲೆ ತಗ್ಗಿಸುತ್ತಾಳೆ, ಯಾವಾಗ ನೇರ ನೋಡುತ್ತಾಳೆ. ಎದುರಿಗೆ ಇರುವುದು ರಾಜಮ್ಮ, ಅನುಭವದಲ್ಲಿ ತುಂಬಾ ದೊಡ್ಡವರು. 23ರ ಹುಡುಗಿ ಅವರ ಮುಂದೆ ಮಾಯವಾಗಿಬಿಡಬಹುದಿತ್ತು. ಆಗುವುದಿಲ್ಲ. ಮೊದಲ ಭಾಗದ ಆ ಮೃದುತನ ಇದ್ದುದರಿಂದಲೇ ಕೊನೆಯ ಅಬ್ಬರಕ್ಕೆ ಬೆಲೆ ಬಂದಿದೆ ಅನ್ನುವುದು ನನ್ನ ಅಭಿಪ್ರಾಯ. ಬರೀ ಆ ಮಾತಿನ ತುಣುಕನ್ನು ಫೋನ್‌ನಲ್ಲಿ ನೋಡಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ಮುಂದಿನ ಮೂರು ವಾರ

ಎರಡನೇ ವಾರ ‘ಪಾಲುಂ ಪಳಮುಂ’. ನಿರ್ದೇಶಕ ಎ. ಭೀಮ್‌ಸಿಂಗ್. ಶಿವಾಜಿ ಇಲ್ಲಿ ಕ್ಯಾನ್ಸರ್‌ಗೆ ಔಷಧ ಹುಡುಕುತ್ತಿರುವ ಡಾಕ್ಟರ್, ಸರೋಜಾದೇವಿ ಅವರ ಜೊತೆ ಕೆಲಸ ಮಾಡುವ ನರ್ಸ್, ಆಮೇಲೆ ಹೆಂಡತಿ. ತನಗೆ ಕ್ಷಯ ಅಂತ ಗೊತ್ತಾದಾಗ ಗಂಡನ ಸಂಶೋಧನೆಗೆ ತೊಂದರೆ ಆಗಬಾರದು ಅಂತ ಮನೆ ಬಿಟ್ಟು ಹೋಗುತ್ತಾಳೆ. ಕಥೆ ಆ ಕಾಲದ್ದು, ಹೆಣ್ಣೇ ಯಾಕೆ ಯಾವಾಗಲೂ ತ್ಯಾಗ ಮಾಡಬೇಕು ಅಂತ ನಿಮಗೆ ಸಿಟ್ಟು ಬರಬಹುದು, ಬರಲಿ, ತಪ್ಪೇನಿಲ್ಲ. ಆದರೂ ‘ನಾನ್ ಪೇಸ ನಿನೈಪ್ಪದೆಲ್ಲಾಂ’ ಹಾಡನ್ನು ಬಿಡದೆ ನೋಡಿ. ಶಿವಾಜಿ ಅಂದರೆ ಚೌಕಟ್ಟು ಪೂರ್ತಿ ತುಂಬಿಕೊಳ್ಳುವ ನಟ. ಅವರ ಎದುರು ಪೈಪೋಟಿಗೆ ಇಳಿದವರು ಸೋತಿದ್ದೇ ಜಾಸ್ತಿ. ಸರೋಜಾದೇವಿ ಪೈಪೋಟಿಗೆ ಇಳಿಯುವುದಿಲ್ಲ, ಧ್ವನಿ ತಗ್ಗಿಸುತ್ತಾರೆ, ನಿಧಾನ ಮಾಡುತ್ತಾರೆ. ನಮ್ಮ ಕಣ್ಣು ತಾನಾಗಿ ಅವರ ಕಡೆ ಹೋಗುತ್ತದೆ.

ಹಾಗೇ, ತಮಿಳಿನಲ್ಲಿ ಅವರ ಮಾತು ಕೇಳಿ. ತಮಿಳು ಬಾರದಿದ್ದರೂ ಕಿವಿಗೊಡಿ. ಕನ್ನಡದ ಛಾಯೆ ಇರುವ, ಸ್ವಲ್ಪ ಮುದ್ದು ಮುದ್ದಾದ ತಮಿಳು ಅದು. ಬೇರೆ ಯಾರಿಗಾದರೂ ಅದೇ ಅಡ್ಡಿ ಆಗುತ್ತಿತ್ತು. ಇವರಿಗೆ ಅದೇ ಗುರುತಾಯಿತು, ತಮಿಳು ಜನ ‘ಕನ್ನಡತ್ತು ಪೈಂಗಿಳಿ’ ಅಂತ ಕರೆದರು. ಕನ್ನಡದ ಗಿಳಿ ಅಂತ. ನಾಲ್ಕು ಭಾಷೆಯಲ್ಲಿ ಮೆರೆದ ನಟಿಯನ್ನು ಪಕ್ಕದ ರಾಜ್ಯದವರು ನಮ್ಮ ಭಾಷೆಯ ಹೆಸರಿಟ್ಟು ಕರೆದಿದ್ದು ಅಂದರೆ ನನಗಂತೂ ಇವತ್ತಿಗೂ ಖುಷಿ ಕೊಡುವ ವಿಷಯ.

ಮೂರನೇ ವಾರ ತೆಲುಗು. ‘ಜಗದೇಕವೀರುನಿ ಕಥ’ ತಗೊಳ್ಳಿ. ಕೆ.ವಿ. ರೆಡ್ಡಿ ನಿರ್ದೇಶನದ ಜಾನಪದ ಚಿತ್ರ, ಮಕ್ಕಳ ಜೊತೆ ಕೂತು ನೋಡಬಹುದು. ಇಂದ್ರನ ಮಗಳು ಜಯಂತಿಯ ಪಾತ್ರ. ಅದೇ ವರ್ಷದ ‘ಸೀತಾರಾಮ ಕಲ್ಯಾಣಂ’ನಲ್ಲಿ ಎನ್.ಟಿ.ಆರ್. ರಾವಣ, ಇವರು ಮಂಡೋದರಿ. ಸಮಯ ಇದ್ದರೆ ಎರಡನ್ನೂ ನೋಡಿ. ಒಂದರಲ್ಲಿ ತುಂಟ ದೇವಕನ್ಯೆ, ಇನ್ನೊಂದರಲ್ಲಿ ಗಂಭೀರ ಮಹಾರಾಣಿ. ನಡಿಗೆಯೇ ಬೇರೆ.

ನಾಲ್ಕನೇ ವಾರ ಹಿಂದಿ, ‘ಸಸುರಾಲ್’. ರಾಜೇಂದ್ರ ಕುಮಾರ್ ನಾಯಕ, ಟಿ. ಪ್ರಕಾಶ್ ರಾವ್ ನಿರ್ದೇಶನ, ಶಂಕರ್ ಜೈಕಿಶನ್ ಸಂಗೀತ. ‘ತೇರಿ ಪ್ಯಾರಿ ಪ್ಯಾರಿ ಸೂರತ್ ಕೋ’ ಹಾಡು ಕೇಳದ ಭಾರತೀಯರು ಕಡಿಮೆ. ರಫಿಗೆ ಫಿಲಂಫೇರ್ ತಂದುಕೊಟ್ಟ ಹಾಡು. ಆ ಹಾಡಿನಲ್ಲಿ ಹೊಗಳಿಸಿಕೊಳ್ಳುತ್ತಿರುವ ಸೂರತ್, ಅಂದರೆ ಮುಖ, ನಮ್ಮ ಸರೋಜಾದೇವಿಯದು ಅಂತ ಎಷ್ಟು ಕನ್ನಡಿಗರಿಗೆ ಗೊತ್ತು? ಪೂರ್ತಿ ಚಿತ್ರ ನೋಡಲು ಪುರುಸೊತ್ತಿಲ್ಲದಿದ್ದರೆ ಈ ಹಾಡು ಮತ್ತು ‘ಒಪೆರಾ ಹೌಸ್’ನ ‘ದೇಖೋ ಮೌಸಂ ಕ್ಯಾ ಬಹಾರ್ ಹೈ’ ನೋಡಿದರೂ ಸಾಕು. ಹಿಂದಿಯಲ್ಲಿ ಅವರಿಗೆ ಸಿಕ್ಕ ಪಾತ್ರಗಳು ತಮಿಳು, ಕನ್ನಡದಷ್ಟು ಗಟ್ಟಿ ಇಲ್ಲ ಅನ್ನಿಸುತ್ತದೆ ನನಗೆ. ಅದಕ್ಕೇ ಅಲ್ಲಿ ಜಾಸ್ತಿ ಹೊತ್ತು ನಿಲ್ಲುವುದು ಬೇಡ.

ಹೇಗೆ ನೋಡಬೇಕು, ಏನು ಬೇಕು

ಹಳೇ ಚಿತ್ರ ನೋಡಿ ಅಭ್ಯಾಸ ಇಲ್ಲದವರಿಗೆ ಕೆಲವು ಮಾತು.

ಯೂಟ್ಯೂಬ್‌ನಲ್ಲಿ ಹುಡುಕುವಾಗ ಒಂದೇ ಚಿತ್ರ ಬೇರೆ ಬೇರೆ ಕಡೆ ಹಾಕಿರುತ್ತಾರೆ. ಮೊದಲು ಸಿಕ್ಕಿದ್ದನ್ನೇ ಒತ್ತಬೇಡಿ. ಎಷ್ಟು ಹೊತ್ತಿನ ವಿಡಿಯೋ ಅಂತ ಎರಡು ಮೂರನ್ನು ಹೋಲಿಸಿ, ಉದ್ದ ಇರುವುದನ್ನು ತಗೊಳ್ಳಿ. ಹಾಡು ಕತ್ತರಿಸಿ ಹಾಕಿದ ಪ್ರತಿಗಳು ಇರುತ್ತವೆ, ಹಾಡು ಹೋದರೆ ಇವರ ಕೆಲಸದ ದೊಡ್ಡ ಪಾಲೇ ಹೋದಂತೆ. ಕಪ್ಪು ಬಿಳುಪು ಚಿತ್ರಕ್ಕೆ ಆಮೇಲೆ ಬಣ್ಣ ತುಂಬಿದ ತುಣುಕುಗಳನ್ನು ಬಿಟ್ಟುಬಿಡಿ. ಮುಖದ ಮೇಲಿನ ಬೆಳಕು, ನೆರಳು ಎಲ್ಲ ಚಪ್ಪಟೆಯಾಗಿ ಬಣ್ಣ ಬಳಿದ ಗೊಂಬೆ ಥರ ಕಾಣುತ್ತದೆ.

ಹೆಸರಿನ ಗೊಂದಲ ಒಂದಿದೆ. ಆ ಕಾಲದ ತಮಿಳು ಚಿತ್ರಗಳಲ್ಲಿ ಇ.ವಿ. ಸರೋಜಾ ಅಂತ ನರ್ತಕಿ ನಟಿ ಇದ್ದರು, ಎಂ. ಸರೋಜಾ ಅಂತ ಹಾಸ್ಯನಟಿ ಇದ್ದರು. 1959ರ ‘ಕಲ್ಯಾಣ ಪರಿಸು’ ಚಿತ್ರದಲ್ಲಂತೂ ಎಂ. ಸರೋಜಾ, ಬಿ. ಸರೋಜಾದೇವಿ ಇಬ್ಬರೂ ಇದ್ದಾರೆ. ಬರೀ ‘ಸರೋಜಾ’ ಅಂತ ಹುಡುಕಿ, ಸಿಕ್ಕ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಮುಂಚೆ ಒಂದು ಸಲ ನೋಡಿಕೊಳ್ಳಿ.

ಒಂದು ಒಳ್ಳೆ ಹಾಡು ಸಿಕ್ಕರೆ ಎರಡು ಸಲ ನೋಡಿ. ಮೊದಲ ಸಲ ಮಾಮೂಲಿಯಾಗಿ. ಎರಡನೇ ಸಲ ಶಬ್ದ ಪೂರ್ತಿ ನಿಲ್ಲಿಸಿ. ಆಗ ಅವರ ಕಣ್ಣು, ಕುತ್ತಿಗೆ, ಬೆರಳು ಏನು ಮಾಡುತ್ತಿವೆ ಅಂತ ಕಾಣುತ್ತದೆ. ಹಾಡಿನ ಸಾಲು ಬರುವ ಮುಂಚೆಯೇ ಅದರ ಭಾವ ಅವರ ಮುಖಕ್ಕೆ ಬಂದಿರುತ್ತದೆ. ಇದು ನಾಯಕನನ್ನು ಸುಮ್ನೆ ನೋಡಿಕೊಂಡು ನಿಲ್ಲುವ ದೃಶ್ಯಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಕಥೆ ಹೇಳುವುದಿಲ್ಲ, ಆ ಸೀರೆ, ಆ ಬ್ಲೌಸು, ಆ ಜಡೆ, ಆ ಓಲೆ ಬಗ್ಗೆ ಹೇಳುತ್ತಾರೆ. ಕೇಳಿಸಿಕೊಳ್ಳಿ. ಅರವತ್ತರ ದಶಕದಲ್ಲಿ ಹೆಂಗಸರು ಇವರ ಸೀರೆ, ಒಡವೆ, ಕೂದಲು ಕಟ್ಟುವ ರೀತಿ ನೋಡಿ ಅದೇ ಥರ ಮಾಡಿಕೊಳ್ಳುತ್ತಿದ್ದರು. ಇಲ್ಲಿ ತಾಯಿ ರುದ್ರಮ್ಮನ ವಿಷಯ ಬರುತ್ತದೆ. ತೋಳಿಲ್ಲದ ಬ್ಲೌಸು ಬೇಡ, ಈಜುಡುಗೆ ಬೇಡ ಅಂತ ಅವರು ಕಟ್ಟುನಿಟ್ಟು ಮಾಡಿದ್ದರು, ಮಗಳು ಕೊನೆಯವರೆಗೂ ಪಾಲಿಸಿದರು. ಈ ಒಂದು ನಿಯಮ ಇಟ್ಟುಕೊಂಡು ಇಷ್ಟು ಗ್ಲಾಮರ್ ತಂದವರು ಇವರು ಅಂತ ಗೊತ್ತಾದ ಮೇಲೆ ಆ ಉಡುಪುಗಳನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ.

ಈಗ ಹಿಂದಕ್ಕೆ ಹೋಗಿ

1961 ಆಯಿತು. ಈಗ ಆರು ವರ್ಷ ಹಿಂದೆ. ಇಷ್ಟು ಹೊತ್ತಿಗೆ ನಿಮಗೇ ಕುತೂಹಲ ಬಂದಿರುತ್ತದೆ, ಈ ಹುಡುಗಿ ಎಲ್ಲಿಂದ ಬಂದಳು ಅಂತ.

ಬಂದಿದ್ದು ಹಾಡಿನ ದಾರಿಯಲ್ಲಿ. ಹದಿಹರೆಯದ ಸರೋಜಾ ಹಾಡುವುದನ್ನು ಕೇಳಿದವರು ಹೊನ್ನಪ್ಪ ಭಾಗವತರ್. ಅವರು ಆಗಲೇ ದೊಡ್ಡ ಹೆಸರು, ಗಾಯಕ ನಟ. ಹಾಡಿಸೋಣ ಅಂತ ಕರೆದರು, ಕೊನೆಗೆ ನಾಯಕಿಯನ್ನೇ ಮಾಡಿದರು. ಅದೇ 1955ರ ‘ಮಹಾಕವಿ ಕಾಳಿದಾಸ’, ನಿರ್ದೇಶನ ಕು.ರಾ. ಸೀತಾರಾಮಶಾಸ್ತ್ರಿ. ಅದಕ್ಕೂ ರಾಷ್ಟ್ರಪ್ರಶಸ್ತಿಯ ಮನ್ನಣೆ ಸಿಕ್ಕಿತು. ಮುಂದಿನ ವರ್ಷ ಕೆ. ಸುಬ್ರಹ್ಮಣ್ಯಂ ಅವರ ‘ಕಚದೇವಯಾನಿ’, ಅದೂ ಕನ್ನಡವೇ. 1957ರಲ್ಲಿ ತೆಲುಗಿನ ‘ಪಾಂಡುರಂಗ ಮಹಾತ್ಮ್ಯಂ’. ತಮಿಳಿನಲ್ಲಿ ‘ತಂಗಮಲೈ ರಹಸಿಯಂ’ ಚಿತ್ರದ ಒಂದು ನೃತ್ಯ.

ಆಮೇಲೆ 1958ರ ‘ನಾಡೋಡಿ ಮನ್ನನ್’. ಎಂ.ಜಿ.ಆರ್. ಮೊದಲ ಸಲ ನಿರ್ದೇಶನ ಮಾಡಿದ, ತಮ್ಮದೆಲ್ಲವನ್ನೂ ಪಣಕ್ಕಿಟ್ಟ ಚಿತ್ರ. ಇದನ್ನು ನೋಡುವಾಗ ಒಂದು ಮಜಾ ಇದೆ. ಚಿತ್ರದ ಮೊದಲ ದೊಡ್ಡ ಭಾಗ ಕಪ್ಪು ಬಿಳುಪು, ಅಲ್ಲಿ ನಾಯಕಿ ಭಾನುಮತಿ. ಅರ್ಧಕ್ಕಿಂತ ಜಾಸ್ತಿ ಕಥೆ ಆದ ಮೇಲೆ ಪರದೆಗೆ ಬಣ್ಣ ಬರುತ್ತದೆ, ಸರೋಜಾದೇವಿ ಬರುತ್ತಾರೆ. ಎದ್ದು ಹೋಗಬೇಡಿ, ಅಲ್ಲಿಯವರೆಗೂ ಕಾಯಿರಿ. ಥಿಯೇಟರ್‌ನಲ್ಲಿ ಕೂತಿದ್ದವರಿಗೆ ಅದು ಏನು ಅನ್ನಿಸಿರಬಹುದು ಅಂತ ಯೋಚನೆ ಮಾಡಿ. ಅಲ್ಲಿಂದ ಮುಂದೆ ಎಂ.ಜಿ.ಆರ್. ಜೊತೆ ಒಟ್ಟು 26 ಚಿತ್ರ.

ಆದರೆ ಶುರುವಿನ ವರ್ಷಗಳಲ್ಲಿ ಒಂದೇ ಚಿತ್ರ ನೋಡುವುದಾದರೆ ‘ಕಲ್ಯಾಣ ಪರಿಸು’ ನೋಡಿ. ಶ್ರೀಧರ್ ಅವರ ಮೊದಲ ನಿರ್ದೇಶನ. ಜೆಮಿನಿ ಗಣೇಶನ್, ವಿಜಯಕುಮಾರಿ, ಸರೋಜಾದೇವಿ. ತಂಗಿ ಪ್ರೀತಿಸಿದವನನ್ನೇ ಅಕ್ಕನೂ ಇಷ್ಟಪಡುತ್ತಾಳೆ, ತಂಗಿ ಬಿಟ್ಟುಕೊಡುತ್ತಾಳೆ. ಸೈಕಲ್ ಮೇಲೆ ಹೋಗುತ್ತಾ ಹಾಡುವ ‘ವಾಡಿಕ್ಕೈ ಮರಂದದುಂ ಏನೋ’ ಹಾಡಿನ ಆ ಹುಡುಗಾಟಿಕೆ, ಆಮೇಲಿನ ಆ ಮೌನ, ಎರಡನ್ನೂ ಒಂದೇ ಪಾತ್ರದಲ್ಲಿ ನೋಡಬಹುದು. 21ರ ಹುಡುಗಿ ಅಂತ ನೆನಪಿರಲಿ. ಅದೇ 1959ರಲ್ಲಿ ಹಿಂದಿಯ ‘ಪೈಗಾಮ್’, ದಿಲೀಪ್ ಕುಮಾರ್ ಇದ್ದ ಜೆಮಿನಿ ಸ್ಟುಡಿಯೋದ ಚಿತ್ರ.

ಮುಂದಕ್ಕೆ: 1964 ಬಿಡಬೇಡಿ

1961 ಆದ ಮೇಲೆ ಇನ್ನೊಂದು ಗಟ್ಟಿ ವರ್ಷ 1964. ಇಲ್ಲಿ ಎರಡು ಚಿತ್ರ.

ಒಂದು ‘ಅಮರಶಿಲ್ಪಿ ಜಕಣಾಚಾರಿ’. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಮಾಡಿದವರು ಬಿ.ಎಸ್. ರಂಗಾ. ಕನ್ನಡದಲ್ಲಿ ಜಕಣಾಚಾರಿ ಆಗಿದ್ದು ಕಲ್ಯಾಣ್ ಕುಮಾರ್, ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್, ನಾಯಕಿ ಮಾತ್ರ ಎರಡರಲ್ಲೂ ಇವರೇ. ನಾಯಕರು ಬದಲಾದರೂ ನಾಯಕಿ ಬದಲಾಗಲಿಲ್ಲ ಅನ್ನುವುದರಲ್ಲೇ ಅವರ ಸ್ಥಾನ ಏನಿತ್ತು ಅಂತ ಗೊತ್ತಾಗುತ್ತದೆ. ಬೇಲೂರಿಗೆ ಹೋಗುವ ಯೋಚನೆ ಇದ್ದರೆ ಹೋಗುವ ಮುಂಚೆ ಈ ಚಿತ್ರ ನೋಡಿ, ಅಲ್ಲಿ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತಾಗ ಆ ಕಥೆ ನೆನಪಾಗುತ್ತದೆ. ನೃತ್ಯದ ಭಾಗಗಳಲ್ಲಿ ಅವರ ನಿಲುವನ್ನು ಗಮನಿಸಿ. ಗುಡಿಯ ಗೋಡೆಯಲ್ಲಿರುವ ಮದನಿಕೆಯರ ಭಂಗಿಗೂ ಅದಕ್ಕೂ ಸಂಬಂಧ ಕಾಣುತ್ತದೆ.

ಇನ್ನೊಂದು ‘ಪುದಿಯ ಪರವೈ’. ಶಿವಾಜಿ ಅವರ ಸ್ವಂತ ನಿರ್ಮಾಣ, ದಾದಾ ಮಿರಾಸಿ ನಿರ್ದೇಶನ, ವಿಶ್ವನಾಥನ್ ರಾಮಮೂರ್ತಿ ಸಂಗೀತ, ಕಣ್ಣು ತುಂಬುವ ಬಣ್ಣ. ಈ ಚಿತ್ರದ ಬಗ್ಗೆ ನನ್ನ ಒಂದೇ ಕೋರಿಕೆ: ಕಥೆ ಮುಂಚೆ ಓದಬೇಡಿ. ಕಾಮೆಂಟ್‌ಗಳನ್ನೂ ನೋಡಬೇಡಿ. ಯಾರಾದರೂ ಹೇಳಲು ಬಂದರೆ ತಡೆಯಿರಿ. ಕೊನೆಯ ಹತ್ತು ನಿಮಿಷದಲ್ಲಿ ಬರುವ ತಿರುವು ಗೊತ್ತಿಲ್ಲದೆ ಒಂದು ಸಲ ನೋಡಬೇಕು. ಆಮೇಲೆ, ಕೆಲವು ದಿನ ಬಿಟ್ಟು, ಎಲ್ಲಾ ಗೊತ್ತಿದ್ದು ಇನ್ನೊಂದು ಸಲ ನೋಡಬೇಕು. ಎರಡನೇ ಸಲ ನಿಮ್ಮ ಕಣ್ಣು ಶಿವಾಜಿ ಮೇಲೆ ಇರುವುದಿಲ್ಲ, ಸರೋಜಾದೇವಿ ಮೇಲೆ ಇರುತ್ತದೆ. ಆ ಪಾತ್ರ ನಗುವಾಗ, ಸುಮ್ಮನೆ ಪ್ರಶ್ನೆ ಕೇಳುವಾಗ, ‘ಉನ್ನೈ ಒನ್ರು ಕೇಟ್ಪೇನ್’ ಹಾಡುವಾಗ, ಮೊದಲ ಸಲ ಏನೂ ಅನ್ನಿಸದ ಒಂದು ನೋಟ ಈಗ ಬೇರೆಯೇ ಅರ್ಥ ಕೊಡುತ್ತದೆ. ಎಲ್ಲವನ್ನೂ ಅಷ್ಟು ಲೆಕ್ಕ ಹಾಕಿ ಅಭಿನಯಿಸಿದ್ದಾರೆ. ಅವರು ಬರೀ ಸುಂದರಿ, ಮುದ್ದು ಗೊಂಬೆ ಅಂತ ಯಾರಾದರೂ ಹೇಳಿದರೆ ಜಗಳ ಆಡಬೇಡಿ, ಈ ಚಿತ್ರ ತೋರಿಸಿ.

ಎಂ.ಜಿ.ಆರ್. ಜೊತೆ ಹಗುರಾದ ಚಿತ್ರ ಬೇಕು ಅಂದರೆ 1965ರ ‘ಎಂಗ ವೀಟ್ಟು ಪಿಳ್ಳೈ’, 1966ರ ‘ಅನ್ಬೇ ವಾ’. ಎರಡನೆಯದಂತೂ ಶಿಮ್ಲಾ, ಬಣ್ಣ, ಕೀಟಲೆ, ಜಗಳ. ಮಳೆ ಬರುವ ಭಾನುವಾರಕ್ಕೆ ಹೇಳಿ ಮಾಡಿಸಿದ್ದು.

1967 ಆದ ಮೇಲೆ, ಕನ್ನಡಕ್ಕೆ ಬನ್ನಿ

1967ರಲ್ಲಿ ಶ್ರೀಹರ್ಷ ಅವರ ಜೊತೆ ಮದುವೆ. ಆ ಕಾಲಕ್ಕೆ ನಾಯಕಿ ಮದುವೆಯಾದಳು ಅಂದರೆ ಕೆಲಸ ಮುಗಿಯಿತು ಅಂತಲೇ ಲೆಕ್ಕ. ಇವರು ಗಂಡನ ಬೆಂಬಲದಿಂದ ಕೆಲಸ ಮುಂದುವರಿಸಿದರು. ತಮಿಳಿನಲ್ಲಿ ಎಂ.ಜಿ.ಆರ್. ಜೋಡಿ ಅಲ್ಲಿಗೆ ನಿಂತಿತು. ಆದರೆ ಕನ್ನಡಕ್ಕೆ ಅವರು ಇನ್ನೂ ಚೆನ್ನಾಗಿ ಸಿಕ್ಕಿದ್ದು ಇದಾದ ಮೇಲೆಯೇ. ತಮಿಳು ಅಭಿಮಾನಿಗಳು 1967ಕ್ಕೆ ಪುಸ್ತಕ ಮುಚ್ಚುತ್ತಾರೆ, ಅದು ನನಗೆ ಬೇಜಾರು.

1969ರ ‘ಮಲ್ಲಮ್ಮನ ಪವಾಡ’ ನೋಡಿ. ಪುಟ್ಟಣ್ಣ ಕಣಗಾಲ್ ನಿರ್ದೇಶನ, ರಾಜ್‌ಕುಮಾರ್ ನಾಯಕ, ವಿಜಯಭಾಸ್ಕರ್ ಸಂಗೀತ. ಏನೂ ತಿಳಿಯದ ಮುಗ್ಧ ಗಂಡ, ಅವನನ್ನು ಕೈಯಲ್ಲಿ ಹಿಡಿದಿಟ್ಟುಕೊಂಡ ಮಲತಾಯಿ, ಮಧ್ಯೆ ಬಂದ ಸೊಸೆ ಮಲ್ಲಮ್ಮ. ಇದೇ ಕಥೆ ಆಮೇಲೆ ತಮಿಳಿಗೆ ‘ಎಂಗ ಚಿನ್ನ ರಾಸಾ’ ಆಗಿ, ಹಿಂದಿಗೆ 1992ರಲ್ಲಿ ‘ಬೇಟಾ’ ಆಗಿ ಹೋಯಿತು. ‘ಬೇಟಾ’ ನೋಡಿದವರು ತುಂಬಾ ಜನ ಇದ್ದಾರೆ, ಮೂಲ ನೋಡಿದವರು ಕಡಿಮೆ. ಅಬ್ಬರವಿಲ್ಲದೆ, ಸೊಸೆಯ ಜಾಗದಲ್ಲಿ ನಿಂತುಕೊಂಡೇ, ಮನೆಯ ಯಜಮಾನಿಕೆಯ ಜೊತೆ ಗುದ್ದಾಡುವ ಹೆಣ್ಣು. ‘ಶರಣೆಂಬೆ ಶಶಿಭೂಷಣ’ ಹಾಡಂತೂ ನಮ್ಮ ಮನೆಗಳಲ್ಲಿ ಇನ್ನೂ ಕೇಳಿಸುತ್ತದೆ. 1961ರ ಚೆನ್ನಮ್ಮನನ್ನೂ 1969ರ ಮಲ್ಲಮ್ಮನನ್ನೂ ಹತ್ತಿರ ಹತ್ತಿರ ನೋಡಿದರೆ, ಎಂಟು ವರ್ಷದಲ್ಲಿ ಈ ನಟಿ ಎಷ್ಟು ಕಡಿಮೆ ಮಾಡಿ ಎಷ್ಟು ಜಾಸ್ತಿ ಹೇಳಲು ಕಲಿತರು ಅಂತ ತಿಳಿಯುತ್ತದೆ. ಅದೇ ವರ್ಷ ಪದ್ಮಶ್ರೀ ಬಂತು.

ಪುಟ್ಟಣ್ಣ ಅವರದ್ದೇ ಇನ್ನೊಂದು, 1976ರ ‘ಕಥಾಸಂಗಮ’. ಮೂರು ಕಥೆಗಳ ಚಿತ್ರ. ಎರಡನೆಯದು ‘ಅತಿಥಿ’, ವೀಣಾ ಅವರ ಕಥೆ, ಅದರಲ್ಲಿ ಸರೋಜಾದೇವಿ ಪ್ರೊಫೆಸರ್. ಹೊತ್ತಿಲ್ಲದವರಿಗೆ ಇದು ವರ, ಒಂದು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಒಂದು ಪೂರ್ತಿ ಪಾತ್ರ. ಹಾಡು ಕುಣಿತದ ನಾಯಕಿ ಅಂತ ಅಂದುಕೊಂಡವರಿಗೆ, ಓದಿದ, ಒಂಟಿಯಾದ, ಮಧ್ಯವಯಸ್ಸಿನ ಹೆಣ್ಣಾಗಿ ಅವರನ್ನು ನೋಡುವುದು ಹೊಸದು. ಇಂಥ ಪಾತ್ರಗಳು ಅವರಿಗೆ ಇನ್ನೂ ಹತ್ತು ಸಿಗಬೇಕಿತ್ತು. ಅಷ್ಟು ಸಿಗಲಿಲ್ಲ ಅನ್ನುವುದು ನಮ್ಮ ನಷ್ಟವೇ.

1977ರ ‘ಬಭ್ರುವಾಹನ’ ನೀವು ಟೀವಿಯಲ್ಲಿ ನೋಡಿಯೇ ಇರುತ್ತೀರಿ. ಈ ಸಲ ಚಿತ್ರಾಂಗದೆಯನ್ನು ಹಿಂಬಾಲಿಸಿ. ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಂದರೆ ಅದೇ ನಟನ ಎದುರು ಸರೋಜಾದೇವಿ ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಾಯಿ. ನೋಟ ಹೇಗೆ ಬದಲಾಗುತ್ತದೆ ನೋಡಿ. ಜನ ಎಲ್ಲಾ ಅಪ್ಪ ಮಗನ ವಾಗ್ವಾದದಲ್ಲೇ ಮುಳುಗಿರುತ್ತಾರೆ, ಆದರೆ ಆ ವಾಗ್ವಾದದ ನೋವು ಯಾರದು? ಚಿತ್ರಾಂಗದೆಯದ್ದೇ ಅಲ್ವಾ? ಅದೇ ವರ್ಷದ ‘ಭಾಗ್ಯವಂತರು’ ಕೂಡ ರಾಜ್‌ಕುಮಾರ್ ಜೊತೆಗಿನದು, ಸಂಸಾರದ ಕಥೆ, ಮನೆಮಂದಿ ಕೂತು ನೋಡಬಹುದು.

ಕೊನೆಯ ವರ್ಷಗಳಿಗೆ ಎರಡು ಚಿತ್ರ ಸಾಕು, ಅವೆರಡಕ್ಕೂ ಒಂದು ಕೊಂಡಿ ಇದೆ. 1984ರ ‘ಯಾರಿವನು’, ಅದರಲ್ಲಿ ಪುನೀತ್ ಇನ್ನೂ ಪುಟ್ಟ ಹುಡುಗ, ಮಾಸ್ಟರ್ ಲೋಹಿತ್. 2019ರ ‘ನಟಸಾರ್ವಭೌಮ’ದಲ್ಲಿ ಅದೇ ಪುನೀತ್ ನಾಯಕ, ಸರೋಜಾದೇವಿ ಚಿಕ್ಕ ಪಾತ್ರದಲ್ಲಿ ಬಂದು ಹೋಗುತ್ತಾರೆ. ಅಪ್ಪನ ನಾಯಕಿ, ಮಗನ ಚಿತ್ರದಲ್ಲೂ. ಮಧ್ಯದಲ್ಲಿ 1986ರಲ್ಲಿ ಶ್ರೀಹರ್ಷ ತೀರಿಕೊಂಡರು, ಸ್ವಲ್ಪ ಕಾಲ ಅವರು ಚಿತ್ರಗಳಿಂದ ದೂರ ಇದ್ದರು, ಆಮೇಲೆ ಮತ್ತೆ ಬಂದರು. 1992ರಲ್ಲಿ ಪದ್ಮಭೂಷಣ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷರೂ ಆಗಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಮರಣೋತ್ತರವಾಗಿ ಕರ್ನಾಟಕ ರತ್ನ ಘೋಷಿಸಿತು. ಬದುಕಿದ್ದಾಗ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಅವರ ಬಗ್ಗೆ ಬರೆಯುವವರಿಗೆ

ಶಾಲೆಯ ಭಾಷಣಕ್ಕೋ, ವಿಡಿಯೋಗೋ, ಸಂಘದ ಸ್ಮರಣ ಸಂಚಿಕೆಗೋ ಬರೆಯುವುದಿದ್ದರೆ ಪ್ರಶಸ್ತಿಗಳನ್ನು ಒಂದೇ ಸಾಲಿಗೆ ಮುಗಿಸಿ. ಅದರ ಬದಲು ಒಂದು ದೃಶ್ಯ ಹಿಡಿದು, ಅದರಲ್ಲಿ ಅವರು ಏನು ಮಾಡಿದರು ಅಂತ ನಿಮ್ಮ ಮಾತಲ್ಲಿ ಬರೆಯಿರಿ. ‘ಅಭಿನಯ ಸರಸ್ವತಿ’ ಅಂತ ಮೂರು ಸಲ ಬರೆಯುವುದಕ್ಕಿಂತ, ‘ಪುದಿಯ ಪರವೈ’ಯ ಒಂದು ನೋಟದ ಬಗ್ಗೆ ಮೂರು ಸಾಲು ಬರೆದರೆ ಓದುವವರಿಗೆ ಆ ಚಿತ್ರ ನೋಡಬೇಕು ಅನ್ನಿಸುತ್ತದೆ. ಇಸವಿ ಹಾಕುವಾಗ ಯಾವ ಭಾಷೆಯ ಚಿತ್ರ ಅಂತ ಜೊತೆಗೇ ಹಾಕಿ, ಒಂದೇ ಕಥೆ ಎರಡು ಭಾಷೆಯಲ್ಲಿ ಬೇರೆ ನಾಯಕರ ಜೊತೆ ಬಂದಿದ್ದು ಇದೆಯಲ್ಲ, ಅದಕ್ಕೆ. ಕೊನೆಯ ವಿವರವನ್ನು ಸರಿಯಾಗಿ ಬರೆಯಿರಿ: ಜುಲೈ 15ರಂದು ಚನ್ನಪಟ್ಟಣ ತಾಲ್ಲೂಕಿನ ಅವರ ಮೂಲ ಊರು ದಶವಾರದಲ್ಲಿ ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ಆಯಿತು. ಕಣ್ಣುಗಳನ್ನು ದಾನ ಮಾಡಿದ್ದರು. ನಾಲ್ಕು ಭಾಷೆಯ ಜನ ಮೆಚ್ಚಿದ ಆ ಕಣ್ಣುಗಳ ಬಗ್ಗೆ ಬರೆಯುವಾಗ ಈ ವಿಷಯ ಬಿಡಬೇಡಿ.

ಇಷ್ಟೆಲ್ಲಾ ಆಗಲ್ಲಪ್ಪ, ನನಗೆ ಸಿಗುವುದು ಎರಡು ಭಾನುವಾರ ಮಾತ್ರ ಅನ್ನುವವರಿಗೆ: ಮೊದಲ ಭಾನುವಾರ ಬೆಳಿಗ್ಗೆ ‘ಕಿತ್ತೂರು ಚೆನ್ನಮ್ಮ’, ಮಧ್ಯಾಹ್ನ ಊಟ ಆದ ಮೇಲೆ ‘ಕಲ್ಯಾಣ ಪರಿಸು’. ಎರಡನೇ ಭಾನುವಾರ ಬೆಳಿಗ್ಗೆ ‘ಮಲ್ಲಮ್ಮನ ಪವಾಡ’, ಸಂಜೆ ‘ಪುದಿಯ ಪರವೈ’. ತಮಿಳು ಬಾರದವರು ಸಬ್‌ಟೈಟಲ್ ಇರುವ ಪ್ರತಿ ಮುಂಚೆಯೇ ಹುಡುಕಿಟ್ಟುಕೊಳ್ಳಿ. ಮತ್ತೆ ಹೇಳುತ್ತೇನೆ, ‘ಪುದಿಯ ಪರವೈ’ ಕಥೆ ಮುಂಚೆ ಓದಬೇಡಿ.